ಊರ ಹೆಸರು ಬರೆಯದ ಪತ್ರಿಕೆ

ಓಸ್ಲೋ

ನಾರ್ವೆಯ ನೆಲಕ್ಕೆ ಕಾಲಿಟ್ಟ ಕೂಡಲೇ ನಾವು ಕಳೆದುಕೊಂಡದ್ದು ಒಂದು ಡಬ್ಬಿ ತುಪ್ಪ. ಅದು ಶಿವನಂಜಪ್ಪನವರದು. ಹಾಲಿನ ಪದಾರ್ಥವನ್ನು ಹೊರಗಿನಿಂದ ತರುವ ಹಾಗಿಲ್ಲ ಎಂದು ವಿಮಾನ ನಿಲ್ದಾಣದ ಸುಂಕದವರು ಅದನ್ನು ಬಹಳ ಮರ್ಯಾದೆಯಿಂದ ತೆಗೆದಿಟ್ಟುಕೊಂಡರು. ರಾಗಿ ಹಿಟ್ಟನ್ನು ಮೂಸಿ, ಹುಚ್ಚೆಳ್ಳು ಪುಡಿಯನ್ನು ಬೆಳಕಿಗೆ ಹಿಡಿದು ನೋಡಿ, ಅವೆರಡನ್ನು ಮಾತ್ರ ವಾಪಸ್ಸು ಕೊಟ್ಟರು. 'ತುಪ್ಪ ಇಲ್ದೆ ಮುದ್ದೆ ಎಂಗ್ ಇಳೀತದೆ ಮೇಡಂ' ಎಂದು ಶಿವನಂಜಪ್ಪನವರು ನನ್ನನ್ನು ಕೇಳಿದರು. ಮುದ್ದೆ ಕೂಡಿಸಲು ಒಲೆ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ ಅವರಿಗಿನ್ನೂ ಹೊಳೆದಿರಲಿಲ್ಲ.

ನಾನು ಹೆರಿಗೆ ಡಾಕ್ಟರು. ಹುಟ್ಟಿದ್ದು ಮಿರ್ಲೆಯಲ್ಲಿ, ಮನೆ ಹುಣಸೂರಿನಲ್ಲಿ, ಕೆಲಸ ಸುತ್ತಲಿನ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ. ಯಾವ ತಾಲ್ಲೂಕು ಎಂದು ಬರೆಯುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ. ಶಿವನಂಜಪ್ಪನವರು ರಾವಂದೂರಿನವರು. ಮೈಸೂರಿನ ಒಂದು ದಿನಪತ್ರಿಕೆಗೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಈ ನಾಲ್ಕೂ ಕಡೆಯ ಸುದ್ದಿ ಬರೆಯುತ್ತಾರೆ. ಉಳಿದ ಹೊತ್ತಿನಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ಹೊರಟಾಗ ಮೇ ತಿಂಗಳು. ಅವರ ತಲೆಯೆಲ್ಲ ಮನೆಯ ಹಿಂದಿನ ಸಸಿ ಮಡಿಯಲ್ಲಿತ್ತು.

ಹಳ್ಳಿಗಾಡಿನ ಆರೋಗ್ಯದ ಸುದ್ದಿಯನ್ನು ಸಣ್ಣ ಊರುಗಳ ಪತ್ರಿಕೆಗಳು ಹೇಗೆ ಬರೆಯಬೇಕು ಎಂದು ಕಲಿಯಲು ಅಲ್ಲಿನ ಒಂದು ವಿಶ್ವವಿದ್ಯಾಲಯ ಬೇರೆ ಬೇರೆ ದೇಶದವರನ್ನು ಕರೆದಿತ್ತು. ಒಂದೇ ಸೀಮೆಯ ಒಬ್ಬ ಡಾಕ್ಟರು, ಒಬ್ಬ ವರದಿಗಾರ ಜೊತೆಯಾಗಿ ಬರಬೇಕು. ನಮ್ಮಿಬ್ಬರಿಗೆ ಡೆಂಗಿ ಕಾಲದ ಪರಿಚಯ. ಹಿಂದಿನ ಮಳೆಗಾಲದಲ್ಲಿ ಅವರು ದಿನಕ್ಕೆರಡು ಸಲ ಫೋನ್ ಮಾಡಿ, ಪ್ಲೇಟ್‌ಲೆಟ್ ಎಂದರೇನು ಎಂದು ತಾವು ತಿಳಿದು, ಓದುಗರಿಗೂ ತಿಳಿಸಿದ್ದರು. ಆ ಧೈರ್ಯದ ಮೇಲೆ ಅರ್ಜಿ ಹಾಕಿದೆವು. ಜ್ವರದ ಸುದ್ದಿ, ಹಾವು ಕಡಿದ ಸುದ್ದಿ, ಬೋರ್‌ವೆಲ್ ನೀರಿನ ಸುದ್ದಿಗಳ ಕಟಿಂಗುಗಳನ್ನು ಅವರು ಒಂದು ಚೀಲದ ತುಂಬ ತುಂಬಿಕೊಂಡಿದ್ದರು.

ಮೀನಿನ ಊರು

ನಮ್ಮನ್ನು ಹಾಕಿದ್ದು ಉತ್ತರದ ಸಮುದ್ರ ದಂಡೆಯ ಒಂದು ಪುಟ್ಟ ಪಟ್ಟಣಕ್ಕೆ. ಓಸ್ಲೋದಿಂದ ಮತ್ತೆ ವಿಮಾನ, ಆಮೇಲೆ ಬಸ್ಸು. ಬಸ್ಸಿನಲ್ಲಿ ಮೂರು ನಾಲ್ಕು ಜನ ಇದ್ದರು. ಒಬ್ಬೊಬ್ಬರೂ ಒಂದೊಂದು ಕಿಟಕಿ ಹಿಡಿದು ದೂರ ದೂರ ಕೂತಿದ್ದರು. ಶಿವನಂಜಪ್ಪನವರು ಊರಲ್ಲಿ ಹತ್ತುವ ಹಾಗೆ ಹತ್ತಿ, ಅಜ್ಜಿಯೊಬ್ಬರ ಪಕ್ಕದಲ್ಲೇ ಕೂತು, ತಮಗೆ ಬರುವ ಇಂಗ್ಲಿಷಿನಲ್ಲಿ ಯಾವೂರಾಯಿತು, ಮಕ್ಕಳೆಷ್ಟು ಎಂದು ವಿಚಾರಿಸಿದರು. ಆಕೆ ನಗುನಗುತ್ತಲೇ ಉತ್ತರ ಕೊಟ್ಟು, ಮುಂದಿನ ನಿಲ್ದಾಣ ಬರುವಷ್ಟರಲ್ಲಿ ಎದ್ದು ಬೇರೆ ಸೀಟಿಗೆ ಹೋದರು. ಶಿವನಂಜಪ್ಪನವರು ತಮ್ಮ ಅಂಗಿಯನ್ನು ಮೂಸಿ ನೋಡಿಕೊಂಡರು. ಇಲ್ಲಿ ಅಪರಿಚಿತರ ಪಕ್ಕ ಕೂರುವುದೇ ಅಪರೂಪವಂತೆ, ಅವರಿಗೆ ಜಾಗ ಬಿಡುವುದೇ ಮರ್ಯಾದೆಯಂತೆ ಎಂದು ನಾನು ಓದಿದ್ದನ್ನು ಹೇಳಿ ಸಮಾಧಾನ ಮಾಡಿದೆ. ಅವರಿಗೆ ಸಮಾಧಾನವಾಗಲಿಲ್ಲ.

ಊರು ಚೆಂದ ಎಂದರೆ ಚೆಂದ. ಕೆಂಪು ಬಣ್ಣ ಬಳಿದ ಮರದ ಮನೆಗಳು, ಹಿಂದೆ ಇನ್ನೂ ಹಿಮ ಕರಗದ ಬೆಟ್ಟ, ಮುಂದೆ ಕದಲದ ನೀರು. ದಡದ ಉದ್ದಕ್ಕೂ ಮರದ ಗಳುಗಳ ದೊಡ್ಡ ದೊಡ್ಡ ಚಪ್ಪರ. ಅದರಲ್ಲಿ ಮೀನುಗಳನ್ನು ಬಾಲಕ್ಕೆ ಬಾಲ ಕಟ್ಟಿ ಸಾಲು ಸಾಲಾಗಿ ಗಾಳಿಗೆ ನೇತುಹಾಕಿದ್ದರು. ಇಬ್ಬರಿಗೂ ಒಟ್ಟಿಗೇ ನಮ್ಮ ಕಡೆ ಹೊಗೆಸೊಪ್ಪನ್ನು ಕಾವಿಗಿಟ್ಟು ಒಣಗಿಸುವ ಬ್ಯಾರನ್ ಮನೆ ನೆನಪಾಯಿತು. ಕಡ್ಡಿಗೆ ಎಲೆ ಕಟ್ಟಿ ಅಟ್ಟದ ಮೇಲೆ ಅಟ್ಟವಾಗಿ ಏರಿಸಿದ ಹೊಗೆಸೊಪ್ಪು ಥೇಟ್ ಹೀಗೆಯೇ ಕಾಣುತ್ತದೆ. ಇಲ್ಲಿ ಬೆಂಕಿಯಿಲ್ಲ, ಬರೀ ಗಾಳಿ.

ಮಾರನೆಯ ಬೆಳಿಗ್ಗೆ ತಿಂಡಿಯ ಮೇಜಿನ ಮೇಲೆ ಕಂದು ಬಣ್ಣದ ಅಚ್ಚು ಇತ್ತು. ಶಿವನಂಜಪ್ಪನವರು ಬೆಲ್ಲವೆಂದು ದಪ್ಪ ತುಂಡು ಕುಯ್ದು ಬಾಯಿಗೆ ಹಾಕಿಕೊಂಡರು. ಅದು ಚೀಸು. ಉಗಿಯಲಾರದೆ, ನುಂಗಲಾರದೆ ನನ್ನ ಮುಖ ನೋಡಿದರು. 'ಬೆಲ್ಲ ಕೆಟ್ಟೋಗೈತೆ ಕಣಿ ಮೇಡಂ' ಎಂದರು. ಆ ಪ್ರವಾಸದಲ್ಲಿ ನಾವು ಮನಸ್ಸು ಬಿಚ್ಚಿ ನಕ್ಕದ್ದು ಅದೇ ಕೊನೆ.

ಪತ್ರಿಕೆಯ ಕಚೇರಿ

ಊರಿನ ಪತ್ರಿಕೆಯ ಕಚೇರಿ ಒಂದು ಬ್ರೆಡ್ಡಿನ ಅಂಗಡಿಯ ಮೇಲಿತ್ತು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಅಷ್ಟರ ಮಟ್ಟಿಗೆ ಅವರು ನಮ್ಮವರೇ. ಸಂಪಾದಕಿಯ ಹೆಸರು ಇಂಗರ್. ಐವತ್ತರ ಆಸುಪಾಸು, ಕತ್ತರಿಸಿದ ಬಿಳಿ ಕೂದಲು, ಉಣ್ಣೆಯ ಕಾಲುಚೀಲ. ನಮಗೆ ಕಾಫಿ ಬಗ್ಗಿಸಿ ಕೊಟ್ಟು, ಈ ವಾರ ನಮ್ಮ ಪತ್ರಿಕೆಯ ಮುಖ್ಯ ಆರೋಗ್ಯದ ಸುದ್ದಿ ಲೈಂಗಿಕ ದೌರ್ಜನ್ಯ ಎಂದರು.

ಶಿವನಂಜಪ್ಪನವರು ತಮಗೆ ಇಂಗ್ಲಿಷ್ ಸರಿಯಾಗಿ ಅರ್ಥವಾಗಲಿಲ್ಲವೆಂದುಕೊಂಡು ನನ್ನ ಕಡೆ ತಿರುಗಿದರು. ನಾನು ಕನ್ನಡದಲ್ಲಿ ಹೇಳಿದೆ. ಅವರ ಕೈ ಕಟಿಂಗುಗಳ ಚೀಲದ ಮೇಲೆಯೇ ನಿಂತಿತು.

'ಅದು ಕ್ರೈಂ ಅಲ್ವರಾ? ಆರೋಗ್ಯ ಎಂಗಾಯ್ತದೆ?'

ಅದನ್ನು ನಾನು ಇಂಗ್ಲಿಷಿನಲ್ಲಿ ಕೇಳಿದೆ. ಇಂಗರ್ ಸಮಜಾಯಿಷಿ ಕೊಡಲು ಹೋಗಲಿಲ್ಲ. ಅಂದಿನ ಪತ್ರಿಕೆಯನ್ನು ಬಿಡಿಸಿ ಹಾಸಿ, ಬೆರಳಿಟ್ಟು ಒಂದೊಂದೇ ಸಾಲನ್ನು ಇಂಗ್ಲಿಷಿಗೆ ಮಾಡಿ ಹೇಳುತ್ತ ಹೋದರು. ಆ ಸೀಮೆಯಲ್ಲಿ ಶಾಲೆ ಮುಗಿಸುವ ಮಕ್ಕಳು ಮೇ ತಿಂಗಳಲ್ಲಿ ಕೆಂಪು ಪ್ಯಾಂಟು ತೊಟ್ಟು ವಾರಗಟ್ಟಲೆ ಕುಣಿದು ಸಂಭ್ರಮಿಸುತ್ತಾರೆ. ಅಂಥ ಒಂದು ಕೂಟದಲ್ಲಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವಾಗಿತ್ತು. ಆ ಸುದ್ದಿ ಒಂದು ಮೂಲೆಯಲ್ಲಿ ನಾಲ್ಕೇ ಸಾಲು. ಯಾವ ಊರಿನ ಕೂಟ, ಯಾರ ಮನೆ, ಹುಡುಗಿಯ ವಯಸ್ಸೆಷ್ಟು, ಏನು ತೊಟ್ಟಿದ್ದಳು, ಎಷ್ಟು ಕುಡಿದಿದ್ದಳು, ಒಂದೂ ಇಲ್ಲ. ಅದರ ಪಕ್ಕದಲ್ಲಿ ಇಡೀ ಪುಟ ಬೇರೆಯದೇ ಬರಹ. ಆ ಸೀಮೆಯಲ್ಲಿ ಇಂಥದ್ದು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ, ಮಾಡುವವರು ಹೆಚ್ಚಾಗಿ ಗುರುತಿನವರೇ ಏಕೆ, ಆದಮೇಲೆ ಮೈಗೆ ಏನಾಗುತ್ತದೆ, ನಿದ್ದೆಗೆ ಏನಾಗುತ್ತದೆ, ಎಲ್ಲಿಗೆ ಹೋಗಬೇಕು, ಎಷ್ಟು ಬೇಗ ಹೋಗಬೇಕು, ಕೂಟದಲ್ಲಿ ಸ್ನೇಹಿತೆಯನ್ನು ಯಾರೋ ಕೋಣೆಗೆ ಕರೆದೊಯ್ಯುವುದನ್ನು ಕಂಡರೆ ನೀವೇನು ಮಾಡಬಹುದು. ಮಾತಾಡಿದವರು ಡಾಕ್ಟರು, ನರ್ಸು, ಫುಟ್‌ಬಾಲ್ ಕಲಿಸುವವರು, ಇಬ್ಬರು ತಂದೆಯರು. ಪೊಲೀಸರದು ಎರಡೇ ಸಾಲು.

ನಾನು ಆ ಪುಟವನ್ನೇ ನೋಡುತ್ತ ಕೂತೆ. ಡೆಂಗಿ ಬಂದಾಗ ನಮ್ಮ ಪತ್ರಿಕೆಗಳು ಬರೆಯುತ್ತವಲ್ಲ, ಸೊಳ್ಳೆ ಎಲ್ಲಿ ಹುಟ್ಟುತ್ತದೆ, ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಬರಬೇಕು ಎಂದು, ಥೇಟ್ ಹಾಗೆಯೇ ಬರೆದಿದ್ದರು. ಇದನ್ನು ಹೀಗೂ ಬರೆಯಬಹುದು ಎಂಬುದೇ ನನಗೆ ದಿಗಿಲು ಹುಟ್ಟಿಸಿತು. ಜೊತೆಗೆ ಇನ್ನೊಂದು ದಿಗಿಲು. ಬಾಗಿಲಿಗೆ ಬೀಗ ಹಾಕದ, ಮಕ್ಕಳು ಒಂಟಿಯಾಗಿ ಶಾಲೆಗೆ ನಡೆದು ಹೋಗುವ ಇಂಥ ಊರಲ್ಲೂ ಇದು ಪುಟ ತುಂಬುವಷ್ಟು ಇದೆ.

ಶಿವನಂಜಪ್ಪನವರಿಗೆ ಕೋಪವೇ ಬಂದಿತ್ತು. ಮಾಡಿದವನ ಹೆಸರೂ ಇಲ್ಲವಲ್ಲ, ಅವನನ್ನು ಏಕೆ ಕಾಪಾಡುತ್ತೀರಿ ಎಂದು ಕೇಳಿದರು. ನ್ಯಾಯಾಲಯದ ತೀರ್ಪು ಬರುವ ತನಕ ಹೆಸರು ಹಾಕುವುದಿಲ್ಲ, ಅದರ ಬಗ್ಗೆ ನಮ್ಮಲ್ಲೂ ಜಗಳವಿದೆ, ನನಗೂ ಪೂರ್ತಿ ಒಪ್ಪಿಗೆಯಿಲ್ಲ ಎಂದು ಇಂಗರ್ ಒಪ್ಪಿಕೊಂಡರು. ಆದರೆ ಹುಡುಗಿಯ ವಿಷಯಕ್ಕೆ ಬಂದಾಗ ಅವರ ದನಿ ಗಟ್ಟಿಯಾಯಿತು.

'ಇದು ಸಣ್ಣ ಊರು. ಅವಳ ಅಮ್ಮ ಬೆಳಿಗ್ಗೆ ಅಡುಗೆಮನೆಯಲ್ಲಿ ನಮ್ಮ ಪತ್ರಿಕೆಯನ್ನೇ ಓದುತ್ತಾರೆ. ಅವಳ ತರಗತಿಯ ಮಕ್ಕಳೂ ಓದುತ್ತಾರೆ. ನಾನು ಬರೆಯುವುದು ಅವರ ಮಧ್ಯೆ ಕೂತು.'

ಅಷ್ಟೆಲ್ಲ ಜಾಗ್ರತೆ ಮಾಡಿದರೂ ಪತ್ರಿಕೆಯ ಫೇಸ್‌ಬುಕ್ಕಿನಲ್ಲಿ ಆ ಸುದ್ದಿಯ ಕೆಳಗೆ ಜನ ಊರು ಊಹಿಸಿ ಬರೆಯತೊಡಗಿದ್ದರಂತೆ. ಕೊನೆಗೆ ಯಾರೂ ಏನೂ ಬರೆಯದ ಹಾಗೆ ಅದನ್ನೇ ಮುಚ್ಚಿದೆವು ಎಂದರು. ಮೆಟ್ಟಿಲಿಳಿಯುವಾಗ ಶಿವನಂಜಪ್ಪನವರು ತಮಗೆ ತಾವೇ ಹೇಳಿಕೊಂಡರು: 'ಇಂಗ್ ಬರುದ್ರೆ ಸುದ್ದಿ ಎಲ್ಲಿ ಬಂತು?'

ಆಸ್ಪತ್ರೆಯ ಹಿಂಬಾಗಿಲು

ಮಧ್ಯಾಹ್ನ ಇಂಗರ್ ನಮ್ಮನ್ನು ಊರಿನ ಆಸ್ಪತ್ರೆಗೆ ಕರೆದೊಯ್ದರು. ಇಂಥ ಹಿಂಸೆಗೆ ಒಳಗಾದವರಿಗೆಂದೇ ಅಲ್ಲಿ ಒಂದು ಕೋಣೆಯಿದೆ. ಬೋರ್ಡಿಲ್ಲ. ಬಾಗಿಲು ಹಿಂದುಗಡೆ, ಕಾರು ನಿಲ್ಲಿಸುವ ಜಾಗದಿಂದ ಯಾರ ಕಣ್ಣಿಗೂ ಬೀಳದೆ ಒಳಗೆ ಬರಬಹುದು. ಒಳಗೆ ಒಂದು ಸೋಫಾ, ಒಂದು ಕಂಬಳಿ, ಪರೀಕ್ಷೆಯ ಮಂಚ, ಸ್ನಾನದ ಮನೆ. ಅಲ್ಲಿನ ನರ್ಸ್ ಮಾರಿತ್, ಎತ್ತರದ ಹೆಂಗಸು, ಮಾತು ಮೆಲ್ಲಗೆ.

ಪೊಲೀಸರಿಗೆ ದೂರು ಕೊಡಲೇಬೇಕೆಂದಿಲ್ಲ, ಮೊದಲು ಮೈ ನೋಡಿಕೊಳ್ಳುತ್ತೇವೆ ಎಂದರು. ಇದರಲ್ಲಿ ನನಗೆ ಹೊಸದೇನೂ ಇರಲಿಲ್ಲ. ನಮ್ಮ ಕಾನೂನೂ ಅದನ್ನೇ ಹೇಳುತ್ತದೆ. ಚಿಕಿತ್ಸೆ ಮೊದಲು, ಅದೂ ಪುಕ್ಕಟೆ, ಖಾಸಗಿ ಆಸ್ಪತ್ರೆಯಾದರೂ ಇಲ್ಲವೆನ್ನುವ ಹಾಗಿಲ್ಲ. ಮೂರು ದಿನದೊಳಗೆ ಬಂದರೆ ಎಚ್‌ಐವಿ ತಡೆಯುವ ಮಾತ್ರೆ ಶುರು ಮಾಡಬಹುದು, ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಬಹುದು. ಅವು ನಮ್ಮ ಔಷಧದ ಕಪಾಟಿನಲ್ಲೂ ಇವೆ.

ಆಮೇಲೆ ಮಾರಿತ್ ಸುಮ್ಮನೆ ಮಾತಿಗೆಂಬಂತೆ ಕೇಳಿದರು, ನಿಮ್ಮ ಊರಲ್ಲಿ ಇಂಥದ್ದು ನಡೆದಾಗ ಪತ್ರಿಕೆಯವರು ಫೋನ್ ಮಾಡಿ ನಿಮ್ಮನ್ನು ಏನು ಕೇಳುತ್ತಾರೆ?

ಅವರು ಕೇಳುವುದು ಒಂದೇ ಪ್ರಶ್ನೆ. 'ಮೆಡಿಕಲ್ ಆಯ್ತಾ ಮೇಡಂ? ಕನ್ಫರ್ಮಾ?' ಅಷ್ಟೇ. ಎಲ್ಲ ಪತ್ರಿಕೆಯವರೂ, ಎಲ್ಲ ಸಲವೂ. ಡೆಂಗಿಯಲ್ಲಿ ಮಗುವಿಗೆ ನೀರು ಎಷ್ಟು ಕುಡಿಸಬೇಕು ಎಂದು ಕೇಳಿದವರು ಈ ಹುಡುಗಿಯರಿಗೆ ಏನು ಕೊಡುತ್ತೀರಿ, ಎಷ್ಟು ಹೊತ್ತಿನೊಳಗೆ ಬರಬೇಕು ಎಂದು ಒಂದು ಸಲವೂ ಕೇಳಿಲ್ಲ. ಹಾಗಾದರೆ ಮೂರು ದಿನದ ಮಾತು ನಮ್ಮ ನಾಲ್ಕು ತಾಲ್ಲೂಕುಗಳ ಹೆಂಗಸರಲ್ಲಿ ಯಾರಿಗೆ ಗೊತ್ತಿರುತ್ತದೆ? ಯಾರು ಹೇಳಿದ್ದಾರೆ? ಮಾತ್ರೆ ಕಪಾಟಿನಲ್ಲಿದೆ, ತಾರೀಖು ಮುಗಿದು ವಾಪಸ್ಸು ಹೋಗುತ್ತದೆ. ಶಿವನಂಜಪ್ಪನವರು ಕಿಟಕಿಯ ಕಡೆ ನೋಡುತ್ತಿದ್ದರು.

ದ್ವೀಪಕ್ಕೆ ಹೋಗುವ ಹಡಗು

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ನಮ್ಮ ಆಸ್ಪತ್ರೆಯ ಸಿಸ್ಟರ್ ಶೈಲಜಾ ವಾಟ್ಸಾಪಿನಲ್ಲಿ ಕರೆ ಮಾಡಿದರು. ನಾನು ಫೋನ್ ಹಿಡಿದು ಹೊರಗೆ, ಒಳಗಿನ ವೈಫೈ ಇನ್ನೂ ಸಿಗುವಷ್ಟು ದೂರದ ಮೀನಿನ ಚಪ್ಪರದ ಹತ್ತಿರ ಹೋದೆ. ಕಾಲೇಜು ಹುಡುಗಿಯೊಬ್ಬಳನ್ನು ಅವಳ ತಾಯಿ ಕರೆದುಕೊಂಡು ಬಂದಿದ್ದರು. ಹಿಂದಿನ ಸಂಜೆ ನಡೆದದ್ದು. ಪೊಲೀಸರು ಬರುವ ತನಕ ಮುಟ್ಟಬೇಡಿ ಎಂದು ಯಾರೋ ಹೇಳಿದ್ದರಿಂದ ಡ್ಯೂಟಿಯಲ್ಲಿದ್ದ ಹೊಸ ಡಾಕ್ಟರು ಹಿಂದೆ ಮುಂದೆ ನೋಡುತ್ತಿದ್ದರು. ಕಾಯಬೇಡಿ, ಅವಳ ಒಪ್ಪಿಗೆ ಕೇಳಿ, ಚಿಕಿತ್ಸೆ ಈಗಲೇ ಶುರು ಮಾಡಿ ಎಂದೆ. ಯಾವ ಮಾತ್ರೆ, ಎಷ್ಟೆಂದು ಹೇಳಿದೆ. ಡಾಕ್ಟರ ಜೊತೆಗೂ ಮಾತಾಡಿದೆ. ಒಂದು ಗಂಟೆಯ ಮೇಲೆ ಶೈಲಜಾ ಸಂದೇಶ ಕಳಿಸಿದರು, ಮೊದಲ ಮಾತ್ರೆ ಕೊಟ್ಟಾಯಿತು, ಹುಡುಗಿ ಗಂಜಿ ಕುಡಿದಳು. ಈ ವಿಷಯ ನಾನು ಯಾರಿಗೂ ಹೇಳುವ ಹಾಗಿರಲಿಲ್ಲ, ಪಕ್ಕದಲ್ಲೇ ಇದ್ದ ಶಿವನಂಜಪ್ಪನವರಿಗೂ.

ಅವತ್ತು ನಮ್ಮನ್ನು ಒಂದು ದ್ವೀಪದ ಹಳ್ಳಿಗೆ ಕರೆದೊಯ್ಯಬೇಕಿತ್ತು. ದಡದ ಕಾಫಿ ಅಂಗಡಿಯಲ್ಲಿ ವೈಫೈ ಸಿಕ್ಕಾಗ ಶಿವನಂಜಪ್ಪನವರು ಊರಿನ ಸಂದೇಶಗಳನ್ನು ಇಳಿಸಿಕೊಂಡರು. ಹಡಗು ಹೊರಟು ದಡ ಹಿಂದಾದ ಮೇಲೆ ಅವುಗಳನ್ನು ಓದುತ್ತ ನನ್ನ ಪಕ್ಕಕ್ಕೆ ಬಂದರು. ಅವರ ಬದಲಿಗೆ ಕೆಲಸ ನೋಡುತ್ತಿದ್ದ ವರದಿಗಾರ ಒಂದು ಸುದ್ದಿ ಬರೆದು, ಸರಿಯಿದೆಯೇ ನೋಡಿ ಎಂದು ಕಳಿಸಿದ್ದ. ಶಿವನಂಜಪ್ಪನವರ ಮುಖದಲ್ಲಿ ಒಂದು ಬಗೆಯ ಸಂತೋಷವಿತ್ತು.

'ನೋಡಿ ಮೇಡಂ, ನಮ್ಮುಡ್ಗ ಎಸ್ರು ಆಕಿಲ್ಲ. ಆವಮ್ಮ ಏಳಿದ್ನ ನಾವೂ ಪಾಲಿಸ್ತೀವಿ.'

ನಾನು ಓದಿದೆ. ಹೆಸರು ಇರಲಿಲ್ಲ, ನಿಜ. ಹಳ್ಳಿಯ ಹೆಸರಿತ್ತು. ತಂದೆ ಏನು ಕೆಲಸ ಮಾಡುತ್ತಾನೆಂದಿತ್ತು. ಯಾವ ಕಾಲೇಜು, ಯಾವ ವರ್ಷ, ಯಾವ ಬಸ್ಸಿಗೆ ಯಾವ ಅರಳಿಮರದ ಕೆಳಗೆ ಕಾಯುತ್ತಿದ್ದಳು, ಚೂಡಿದಾರದ ಬಣ್ಣವೇನು, ಎಲ್ಲ ಇತ್ತು. ಅವಳ ಕಾಲಿಗೆ ಆದ ಗಾಯದ ಮಾತೂ ಇತ್ತು. ಅದನ್ನು ಶೈಲಜಾ ನನಗೆ ಬೆಳಿಗ್ಗೆ ಪಿಸುದನಿಯಲ್ಲಿ ಹೇಳಿದ್ದರು. ಒಂದೇ ದಿನದೊಳಗೆ ಅದು ಇಷ್ಟು ದೂರ, ಈ ನೀರಿನ ನಡುವೆ ಇನ್ನೊಬ್ಬರ ಫೋನಿನಲ್ಲಿ ನನ್ನ ಕಣ್ಣೆದುರಿಗೆ ಬಂದಿತ್ತು.

ಆ ಹುಡುಗಿ ನನ್ನ ರೋಗಿ ಎಂದು ಹೇಳಲಾರೆ. ಸುಮ್ಮನಿರಲೂ ಆರೆ. ಕೊನೆಗೆ ಒಂದೇ ಮಾತು ಕೇಳಿದೆ. 'ಶಿವನಂಜಪ್ಪನವರೇ, ಇದನ್ನ ಓದಿದ ಮೇಲೆ ಆ ಮನೆ ಹುಡುಕೋದಕ್ಕೆ ನಿಮಗೆ ಎಷ್ಟು ಹೊತ್ತು ಬೇಕು?'

'ನಂಗಾ? ಬೈಕ್ ಒಂದಿದ್ರೆ ಸೀದಾ ಬಾಕ್ಲಿಗೇ ಓಗ್ಬುಡ್ತೀನಿ' ಎಂದರು.

ಹೇಳಿದ ಮೇಲೆ ಆ ಮಾತು ಅವರಿಗೇ ಕೇಳಿಸಿತೆಂದು ಕಾಣುತ್ತದೆ. ಫೋನ್ ತೆಗೆದುಕೊಂಡು ಮತ್ತೆ ಮೊದಲಿನಿಂದ ಓದಿದರು. 'ನಮ್ಮಕ್ಕನ ಮಗ್ಳೂ ಅದೇ ಬಸ್ಸಲ್ಲೇ ಕಣಿ ಓಗೋದು' ಎಂದರು.

ಊರಲ್ಲಿ ಆಗ ಸಂಜೆ. ಪುಟಗಳು ಮುಗಿಯುವ ಹೊತ್ತು. ಅವರು ಕರೆ ಒತ್ತಿದರು, ಹೋಗಲಿಲ್ಲ. ನಮ್ಮಿಬ್ಬರ ಸಿಮ್ಮೂ ಅಲ್ಲಿ ಕೆಲಸಕ್ಕೆ ಬಾರದು. ವೈಫೈ ಇದ್ದರೆ ಮಾತು, ಇಲ್ಲದಿದ್ದರೆ ಇಲ್ಲ. ಹಡಗಿನಲ್ಲಿ ವೈಫೈ ಇರಲಿಲ್ಲ. ಅವರು ಫೋನನ್ನು ಮೇಲೆತ್ತಿ ಹಿಡಿದು ಹಡಗಿನ ಈ ತುದಿಯಿಂದ ಆ ತುದಿಗೆ ಓಡಾಡಿದರು. ನಂತರ ಕೂತಿದ್ದವರ ಹತ್ತಿರ ಹೋಗಿ, ಒಬ್ಬೊಬ್ಬರ ಮುಂದೆಯೂ ನಿಂತು, ಫೋನ್, ಇಂಡಿಯಾ, ಒಂದು ಹುಡುಗಿ ಎನ್ನತೊಡಗಿದರು. ಅವರ ಇಂಗ್ಲಿಷ್ ಅಷ್ಟಕ್ಕೇ ನಿಂತುಹೋಗಿತ್ತು. ಹಳದಿ ಮಳೆಯಂಗಿಯ ಮುದುಕರೊಬ್ಬರು ಎದ್ದು, ಏನೂ ಕೇಳದೆ ತಮ್ಮ ಫೋನನ್ನು ಇವರ ಕೈಗಿಟ್ಟು, ದೂರ ಹೋಗಿ ಬೆನ್ನು ತಿರುಗಿಸಿ ಕೂತರು. ಮಾತು ಕೇಳಿಸಬಾರದೆಂದು.

ಮೈಸೂರಿನ ಕಚೇರಿ ಸಿಕ್ಕಿತು. ಶಿವನಂಜಪ್ಪನವರು ಮೊದಲು ಬೇಡಿಕೊಂಡರು, ಆಮೇಲೆ ಕೂಗಾಡಿದರು. ಗಾಳಿಯ ಸದ್ದಿನ ಮೇಲೆ ಅವರ ದನಿ ಇಡೀ ಹಡಗಿಗೆ ಕೇಳುತ್ತಿತ್ತು. ಆ ಕಡೆಯವರು, ಬೇರೆ ಪತ್ರಿಕೆಯವರೆಲ್ಲ ಹಾಕುತ್ತಿದ್ದಾರೆ, ನಮ್ಮದರಲ್ಲಿ ಮಾತ್ರ ಇಲ್ಲದಿದ್ದರೆ ಹೇಗೆ ಎಂದು ಕೇಳಿರಬೇಕು.

'ಅವ್ರು ಆಕ್ಕೊಳ್ಲಿ ಸಾರ್. ನನ್ ತಾಲ್ಲೂಕಿನ ಪುಟದಲ್ಲಿ ಆ ಊರು ಬರ್ಬಾರ್ದು. ಬಂದ್ರೆ ನಾಳಿಂದ ನಾನ್ ಬರಿಯಾಕಿಲ್ಲ' ಎಂದು ಫೋನ್ ಮುಗಿಸಿದರು.

ವೆಬ್‌ಸೈಟಿಗೆ ಆಗಲೇ ಹಾಕಿದ್ದರಂತೆ. ಅದನ್ನು ಇಳಿಸಲು, ಪುಟದಲ್ಲಿ ಊರು ತೆಗೆದು ನಾಲ್ಕು ಸಾಲು ಮಾಡಲು ಒಪ್ಪಿದರಂತೆ. ಶಿವನಂಜಪ್ಪನವರು ಮುದುಕರಿಗೆ ಫೋನ್ ಕೊಟ್ಟು ಕೈ ಮುಗಿದರು. ಆತ ತಲೆಯಾಡಿಸಿ, ತಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ಇಬ್ಬರೂ ಅಕ್ಕಪಕ್ಕ ಕೂತು ಕುಡಿದರು.

ದ್ವೀಪ

ದ್ವೀಪದಲ್ಲಿ ನಾವು ಉಳಿದುಕೊಂಡದ್ದು ಒಂದು ಶಾಲೆಯ ಅತಿಥಿಗೃಹದಲ್ಲಿ. ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಶೈಲಜಾ ಅವರ ಸಂದೇಶಗಳು ಸಾಲಾಗಿ ಬಂದಿದ್ದವು. ನಾನು ನಿಂತಲ್ಲೇ ಓದಿದೆ. ಹಿಂದಿನ ಸಂಜೆ ಯಾವುದೋ ಯೂಟ್ಯೂಬ್ ಚಾನೆಲ್ಲಿನವರು ಕ್ಯಾಮೆರಾ ಹಿಡಿದು ಆಸ್ಪತ್ರೆಯ ಗೇಟಿಗೆ ಬಂದಿದ್ದರು. ಇನ್ನಿಬ್ಬರು ವಾರ್ಡಿನ ಕಿಟಕಿಯ ತನಕ ಬಂದು ತಾಯಿಯನ್ನು ಮಾತಾಡಿಸಲು ನೋಡಿದ್ದರು. ಆ ಹಳ್ಳಿಯ ಹೆಸರು ಹಾಕಿದ ಸುದ್ದಿ ಬೇರೆ ಕಡೆಗಳಲ್ಲಿ ಓಡಾಡುತ್ತಿತ್ತು. ಸಂಬಂಧಿಕರು ಫೋನ್ ಮೇಲೆ ಫೋನ್ ಮಾಡಿದ್ದರು. ಬೆಳಗಾಗುವಷ್ಟರಲ್ಲಿ ಮಂಚ ಖಾಲಿ. ತಿಂಗಳು ಪೂರ್ತಿ ನುಂಗಬೇಕಾದ ಮಾತ್ರೆಗಳ ಡಬ್ಬಿ ದಿಂಬಿನ ಪಕ್ಕದಲ್ಲೇ ಬಿದ್ದಿತ್ತು.

ನನ್ನ ಕೆಲಸದಲ್ಲಿ ರಕ್ತ, ಸಾವು ನೋಡಿದ್ದೇನೆ. ಆದರೆ ಸುದ್ದಿಯೊಂದು ರೋಗಿಯನ್ನು ಮಂಚದಿಂದ ಎಬ್ಬಿಸಿ ಓಡಿಸುವುದನ್ನು ಕಂಡಿರಲಿಲ್ಲ. ಮದ್ದು ಇತ್ತು, ಹೊತ್ತಿಗೆ ಸರಿಯಾಗಿ ಕೊಟ್ಟಿದ್ದೆವು, ಅವಳು ನುಂಗಿದ್ದಳು. ಅದನ್ನು ನಿಲ್ಲಿಸಿದ್ದು ರೋಗವಲ್ಲ.

ಶಿವನಂಜಪ್ಪನವರು ನನ್ನ ಮುಖ ನೋಡಿ ಏನೋ ತಿಳಿದುಕೊಂಡರು. ಏನೆಂದು ಕೇಳಲಿಲ್ಲ. 'ನಾನ್ ಆಚೆ ಕೂತಿರ್ತೀನಿ' ಎಂದು ಎದ್ದು ಹೋಗಿ, ಶಾಲೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದರು.

ನಾನು ಶಾಲೆಯ ವೈಫೈಯಲ್ಲಿ ಮಾರಿತ್ ಅವರಿಗೆ ಕರೆ ಮಾಡಿ, ಹೆಸರು ಊರು ಹೇಳದೆ, ಏನು ಮಾಡಲಿ ಎಂದು ಕೇಳಿದೆ. ಅವಳನ್ನು ಆಸ್ಪತ್ರೆಗೆ ಕರೆಯಬೇಡಿ, ಈಗ ಆ ಕಟ್ಟಡ ಅವಳಿಗೆ ಭಯದ ಜಾಗ, ಮಾತ್ರೆಯೇ ಅವಳ ಹತ್ತಿರ ಹೋಗಲಿ ಎಂದು ಅವರು ಹೇಳಿದರು. ಇಲ್ಲೂ ಒಬ್ಬ ಹುಡುಗಿ ಪತ್ರಿಕೆಗೆ ಹೆದರಿ ಬಾರದೆ ಹೋಗಿದ್ದಳಂತೆ. ಆಮೇಲೇ ಇಂಗರ್ ಅವರ ಕಚೇರಿಯಲ್ಲಿ ಆ ನಿಯಮವೆಲ್ಲ ಬಂದದ್ದು.

ಅದನ್ನೇ ಶೈಲಜಾ ಅವರಿಗೆ ಹೇಳಿದೆ. ಅವರು ಹುಡುಗಿಯ ತಾಯಿಯ ನಂಬರಿಗೆ ಪ್ರಯತ್ನಿಸಿದರು. ಮೊದಲು ಎತ್ತಲಿಲ್ಲ. ಕೊನೆಗೆ ಎತ್ತಿ, ಕೆ.ಆರ್.ನಗರದ ಕಡೆ ನಂಟರ ಮನೆಯಲ್ಲಿದ್ದೇವೆ, ಯಾರನ್ನೂ ಕಳಿಸಬೇಡಿ ಎಂದರು. ನಾನೊಬ್ಬಳೇ ಬರುತ್ತೇನೆ, ಮಾತ್ರೆ ಕೊಟ್ಟು ಹೋಗುತ್ತೇನೆ ಎಂದು ಶೈಲಜಾ ಒಪ್ಪಿಸಿದರು. ಯೂನಿಫಾರ್ಮ್ ಬಿಟ್ಟು, ಮಾಮೂಲಿ ಸೀರೆಯುಟ್ಟು, ತವರಿಗೆ ಹೋಗುವವರ ಹಾಗೆ ಹೂವು ಬಾಳೆಹಣ್ಣು ಹಿಡಿದು, ಎರಡು ಬಸ್ಸು ಬದಲಾಯಿಸಿ ಹೋದರು.

ಆ ದಿನ ದ್ವೀಪದವರು ನಮಗೆ ಏನೇನು ತೋರಿಸಿದರೋ ನೆನಪಿಲ್ಲ. ಕುರಿಗಳಿದ್ದವು. ಒಂದು ದೀಪಸ್ತಂಭವಿತ್ತು. ಊಟಕ್ಕೆ ಕೂತಿದ್ದಾಗ ಸಂದೇಶ ಬಂತು. 'ಕೊಟ್ಟೆ ಮೇಡಂ. ನನ್ನ ಮುಂದೇನೇ ನುಂಗಿದ್ಲು. ನಾಳೆನೂ ಫೋನ್ ಮಾಡು ಅಂದವ್ಳೆ.' ನಾನು ತಟ್ಟೆಯ ಮುಂದೆಯೇ ಅತ್ತೆ. ಎದುರಿಗೆ ಕೂತಿದ್ದ ದ್ವೀಪದ ಹೆಂಗಸು ಗಾಬರಿಯಾಗಿ, ಮೀನಿನ ಸಾರು ಖಾರವಾಯಿತೇ ಎಂದು ಕೇಳಿದಳು. ಅದರಲ್ಲಿ ಖಾರದ ಸುಳಿವೂ ಇರಲಿಲ್ಲ.

ಹುಣಸೂರು

ಆ ಹುಡುಗಿ ತಿಂಗಳು ಪೂರ್ತಿ ಮಾತ್ರೆ ನುಂಗಿದಳು. ನಾನು ಊರಿಗೆ ಬಂದ ಮೇಲೆ ಒಂದು ಮಧ್ಯಾಹ್ನ, ಹೊರರೋಗಿಗಳೆಲ್ಲ ಹೋದ ಮೇಲೆ, ಪರೀಕ್ಷೆಗೆ ಬಂದಳು. ಈಗ ಬೇರೆ ಕಡೆ ಓದುತ್ತಿದ್ದಾಳೆ. ಪ್ರಕರಣ ನಡೆಯುತ್ತಿದೆ. ಇದನ್ನು ಬರೆಯಬಹುದೇ ಎಂದು ಕೇಳಿಯೇ ಬರೆದಿದ್ದೇನೆ. 'ಅರಳಿಮರ ಬೇಕಾದ್ರೆ ಹಾಕಿ, ಎಲ್ಲ ಊರಲ್ಲೂ ಇರ್ತದೆ' ಎಂದು ಅವಳೇ ಹೇಳಿದಳು. ಉಳಿದ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ.

ಶಿವನಂಜಪ್ಪನವರು ಊರಿಗೆ ವಾಪಸ್ಸಾದ ವಾರವೇ ನಮ್ಮ ಮನೆಗೆ ಬಂದು, ಕೂತು, ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಡೆಂಗಿ ಕಾಲದ ಹಾಗೆಯೇ. ಏನಾದರೆ ಎಲ್ಲಿಗೆ ಬರಬೇಕು, ಎಷ್ಟು ದಿನದೊಳಗೆ, ಸ್ನಾನ ಮಾಡಿಬಿಟ್ಟಿದ್ದರೂ ಬರಬಹುದೇ, ಗಂಡನೇ ಮಾಡಿದ್ದರೆ ಬರಬಹುದೇ. ಕೊನೆಯ ಪ್ರಶ್ನೆ ಕೇಳುವಾಗ ತಲೆ ಬಗ್ಗಿಸಿದ್ದರು. ಎಲ್ಲದಕ್ಕೂ ಉತ್ತರ ಹೇಳಿದೆ. ಅವರು ಅದನ್ನೆಲ್ಲ ಬರೆದು ಕಳಿಸಿದರು. ಮೈಸೂರಿನ ಕಚೇರಿಯವರು ಅದನ್ನು ಒಳಪುಟಕ್ಕೆ ತಳ್ಳಿ, ಅರ್ಧ ಕತ್ತರಿಸಿ, ರಸಗೊಬ್ಬರದ ಸುದ್ದಿಯ ಕೆಳಗೆ ಹಾಕಿದರು. ಶಿವನಂಜಪ್ಪನವರಿಗೆ ಬಹಳ ಬೇಜಾರಾಯಿತು. ಯಾರು ಓದುತ್ತಾರೆ ಅಲ್ಲಿ ಎಂದರು.

ಅದಾದ ಮೇಲಿನ ಸೋಮವಾರ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಆಸ್ಪತ್ರೆಯಲ್ಲಿ ನನ್ನ ಕೋಣೆಗೆ ಬಂದರು. ನಮ್ಮ ತಾಲ್ಲೂಕಿನವರಲ್ಲ. ಬೆಳಿಗ್ಗೆ ಬಸ್ಸು ಹತ್ತಿ, ಯಾರೂ ಗುರುತಿಲ್ಲದ ಆಸ್ಪತ್ರೆಯೆಂದೇ ಇಲ್ಲಿಗೆ ಬಂದಿದ್ದರು. ಹೊಟ್ಟೆನೋವೆಂದರು, ಇಲ್ಲ ಸೊಂಟನೋವೆಂದರು. ನಾನು ಶೈಲಜಾ ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ. ಆಕೆ ಸೆರಗನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

'ಡೈರಿ ತಾವ ಸೆಕ್ರೆಟ್ರಿ ಪೇಪರ್ ಓದ್ತಿದ್ರು. ಮೂರ್ ದಿನದೊಳಗೆ ಬನ್ನಿ ಅಂತ ಬರ್ದವ್ರಂತೆ. ನಂದಾಗಿ ಬಾಳ ವರ್ಸ ಆಯ್ತು ಕಣವ್ವ. ಈಗ್ ಬಂದ್ರೆ ನೋಡಾಕಿಲ್ವಾ?'

'ನೋಡ್ತೀನಿ' ಎಂದೆ. ನನ್ನ ಕುರ್ಚಿಯನ್ನು ಮೇಜಿನ ಆಚೆಯಿಂದ ತಂದು ಅವರ ಪಕ್ಕಕ್ಕೆ ಹಾಕಿಕೊಂಡು ಕೂತೆ.

ಅವರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಹೇಳಿ ಮುಗಿಸಿ, ಮುಖ ಒರೆಸಿಕೊಂಡು, ಎದ್ದು ಬಾಗಿಲ ತನಕ ಹೋದವರು ಅಲ್ಲೇ ನಿಂತರು.

'ಆಚೆ ಬೆಂಚಲ್ಲಿ ನಮ್ಮತ್ತೆ ಕೂತವ್ರೆ. ನಂಗೆ ಜೊತೆಗೆ ಅಂತ ಬಂದ್ರು. ಬಸ್ಸಲ್ಲಿ ಬರ್ತಾ ಇದ್ದಂಗೆ, ನಾನೂ ಒಂದ್ಮಾತು ಏಳ್ಬೋದಾ ಅಂತ ಕೇಳುದ್ರು. ಅವ್ರುನ್ನೂ ಒಳಿಕ್ಕೆ ಕರೀರವ್ವ.'

ನಾನು ಬಾಗಿಲು ತೆರೆದೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಚಪ್ಪಲಿ ಕಳಚಿಟ್ಟು, ಎಲೆ ಅಡಿಕೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡ ಕೂಡಲೇ, ತಮ್ಮ ಸರದಿ ಬಂತೆಂದು ಎದ್ದರು.